ದಿನಕ್ಕೆ ಹನ್ನೊಂದು ಸೆಕೆಂಡು

ಜನವರಿ 20, 1997. ಸೋಮವಾರ

ವಾಚಿನ ಕಾರ್ಖಾನೆಯ ವಾರಂಟಿಯವರು ಕಳಿಸಿದ ಫಾರಮ್ಮಿನಲ್ಲಿ ಹತ್ತು ಚೌಕಗಳಿವೆ. ಒಂದೊಂದೂ ನನ್ನ ಹೆಬ್ಬೆರಳ ಉಗುರಿನಷ್ಟು. ಹತ್ತು ದಿನ, ದಿನಕ್ಕೊಂದು ಅಂಕಿ ಬರೆಯಬೇಕಂತೆ: ವಾಚು ಎಷ್ಟು ಸೆಕೆಂಡು ಮುಂದೆ ಓಡಿತು, ಎಷ್ಟು ಹಿಂದೆ ಬಿತ್ತು. ಅಂಕಿ ಆ ಚೌಕದಲ್ಲಿ ಹಿಡಿಯುತ್ತದೆ, ನಾನು ಹೇಳಬೇಕಾದ್ದು ಹಿಡಿಯುವುದಿಲ್ಲ. ಅದಕ್ಕೆ ಮೊಮ್ಮಗಳು ಕೊರಾಲಿ ಶಾಲೆಯಲ್ಲಿ ಅರ್ಧ ಬರೆದು ಬಿಟ್ಟ ಈ ನೋಟುಬುಕ್ಕನ್ನು ಎತ್ತಿಕೊಂಡಿದ್ದೇನೆ. ಯಾರೂ ಓದಬೇಕಾಗಿಲ್ಲ.

ವಾಚು ಕ್ರಿಸ್ಮಸ್ಸಿಗೆ ಮಗ ಮಾರ್ಸೆಲ್ ಮತ್ತು ಸೊಸೆ ಜೋಸಿಯಾನ್ ಕೊಟ್ಟದ್ದು. ಕೀ ಕೊಡಬೇಕಾಗಿಲ್ಲ, ಕೈಮೇಲಿದ್ದರೆ ತಾನೇ ಕೀ ತುಂಬಿಕೊಳ್ಳುತ್ತದೆ. ನವೆಂಬರಿನಲ್ಲಿ ನಾನು ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಕ್ಕೆ ಸಮಾಧಾನವಂತೆ. ಮಂಜಿನ ಮೇಲೆ ಉಪ್ಪು ಎರಚುವುದು ಹೇಗೆಂದು ಪಂಚಾಯಿತಿಯ ಆಳಿಗೆ ತೋರಿಸಲು ಹೋಗಿ ಬಿದ್ದದ್ದು. ಅವನು ಈಗಲೂ ತಪ್ಪಾಗಿಯೇ ಎರಚುತ್ತಾನೆ, ಕಿಟಕಿಯಿಂದ ಕಾಣುತ್ತದೆ.

ಈ ವಾಚು ದಿನಕ್ಕೆ ಹನ್ನೊಂದು ಸೆಕೆಂಡು ಮುಂದೆ ಓಡುತ್ತದೆ. ಬೇರೆ ಮುದುಕಿಯಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ನನ್ನನ್ನು ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಡಿಸಿ ಅವ್ವ ವಾಚಿನ ಕೆಲಸಕ್ಕೆ ಕಿಟಕಿಯ ಪಕ್ಕ ಕೂರಿಸಿದಳು. ಚಳಿಗಾಲದಲ್ಲಿ ಹಸು ಕೊಟ್ಟಿಗೆಯಲ್ಲಿ, ಹೆಂಗಸರು ಕಿಟಕಿಯಲ್ಲಿ, ಈ ಕಣಿವೆ ನಡೆದುಬಂದದ್ದೇ ಹಾಗೆ. ನಲವತ್ತೊಂದು ವರ್ಷ ಕೂದಲಿಗಿಂತ ತೆಳುವಾದ ಸುರುಳಿಗಳನ್ನು ಚಿಮಟದಲ್ಲಿ ಹಿಡಿದು, ವಾಚುಗಳು ಮುಂದೆ ಓಡದ ಹಾಗೆ, ಹಿಂದೆ ಬೀಳದ ಹಾಗೆ ಹದ ಕೂರಿಸಿದೆ. ನನ್ನ ಕೈಯಿಂದ ಹೋದ ಒಂದೂ ವಾಪಸು ಬರಲಿಲ್ಲ.

ಕೊರಾಲಿ ಈಗ ಅದೇ ಕಾರ್ಖಾನೆಯಲ್ಲಿ ಹದ ಕೂರಿಸುವ ಮೇಜಿನಲ್ಲಿದ್ದಾಳೆ. ಆರು ತಿಂಗಳ ಪರೀಕ್ಷೆ. ಫೆಬ್ರವರಿ ಕೊನೆಗೆ ಕೆಲಸ ಖಾಯಂ ಮಾಡುತ್ತಾರೋ ಇಲ್ಲವೋ ಹೇಳುತ್ತಾರೆ. ಅಜ್ಜಿ ತಂಟೆಕೋರಳು ಎಂದು ಅವಳಿಗೆ ಕೆಟ್ಟ ಹೆಸರು ಬರಬಾರದೆಂದು ಫಾರಮ್ಮಿನಲ್ಲಿ ಗಂಡನ ಮನೆಯ ಗಿನ್ಯಾರ್ ಬಿಟ್ಟು ತೌರಿನ ಹೆಸರು ಹಾಕಿದ್ದೇನೆ: ಎಡ್ಮೆ ಬೆರ್ನೆ. ನನ್ನ ತಲೆ ಇನ್ನೂ ಓಡುತ್ತದೆ.

ಸೊಸೆ ಹೇಳಿದಳು, "ಅತ್ತೆ, ಬೇಡ. ಅಲ್ಲಿ ನಮ್ಮ ಹುಡುಗೀನೇ ಇದಾಳೆ."

"ಅವಳಿಗೆ ಒಳ್ಳೇದೇ ಆಗತ್ತೆ ಬಿಡು. ಪಕ್ಕದಲ್ಲಿ ಕೂತಿರೋ ಸೋಮಾರಿ ಯಾರು ಅಂತ ಗೊತ್ತಾಗ್ಲಿ."

ಸಂಜೆ ಆರು ಗಂಟೆ: +11.

ಜನವರಿ 21, ಮಂಗಳವಾರ

+12.

ಜನವರಿ 24, ಶುಕ್ರವಾರ

+11. ದಿನಾ ಸಂಜೆ ಆರಕ್ಕೆ 161ಕ್ಕೆ ಫೋನು ಮಾಡುತ್ತೇನೆ. ಹೊತ್ತು ಹೇಳುವ ಆ ಹೆಂಗಸು ಒಬ್ಬಳೇ ಈ ದೇಶದಲ್ಲಿ ಮಾತಾಡಿದ್ದಕ್ಕೆಲ್ಲ ಲೆಕ್ಕ ಇರುವವಳು. ಫೋನು ನನ್ನ ಕುರ್ಚಿಯ ಪಕ್ಕದಲ್ಲೇ ಇದೆ. ಸೊಸೆಗೆ ಹೇಳಿ ಇಲ್ಲಿಗೆ ಎಳೆಸಿಕೊಂಡೆ. ರೇಡಿಯೋ ಕೂಡ. ಬಿಸ್ಕತ್ತಿನ ಡಬ್ಬಿ ಕೂಡ.

ಮಲಗುವಾಗ ವಾಚನ್ನು ಒಂದು ದಿನ ಮುಖ ಮೇಲೆ ಮಾಡಿ ಇಟ್ಟೆ, ಒಂದು ದಿನ ಮುಖ ಕೆಳಗೆ, ಒಂದು ದಿನ ಪಕ್ಕಕ್ಕೆ. ಭಂಗಿ ಬದಲಾದರೆ ಓಟ ಬದಲಾಗುತ್ತದೆ ಎಂದು ಈ ಕಣಿವೆಯ ಬೆಕ್ಕಿಗೂ ಗೊತ್ತು. ಇದು ಮಾತ್ರ ಹೇಗೆ ಮಲಗಿಸಿದರೂ ಹನ್ನೊಂದು. ಸೊಸೆ ಕಸ ಗುಡಿಸುತ್ತ ನನ್ನ ಕಾಲೆತ್ತಿ ಗುಡಿಸಿ, ಮತ್ತೆ ಕಾಲಿಟ್ಟು ಹೋದಳು. ಡಾಕ್ಟರು ನಡೆಯಲು ಕೊಟ್ಟ ಕೋಲಿನ ಮೇಲೆ ಅವಳ ಏಪ್ರನ್ನು ಒಣಗುತ್ತಿದೆ. ಒಳ್ಳೆಯದು, ಯಾವುದಕ್ಕಾದರೂ ಉಪಯೋಗಕ್ಕೆ ಬಂತು.

ಜನವರಿ 29, ಬುಧವಾರ

ಹತ್ತು ಚೌಕ ತುಂಬಿತು. ಸರಾಸರಿ ಹನ್ನೊಂದು. ಹೊತ್ತು ಸರಿಯಾಗಿ ತೋರಿಸುವ ವಾಚಿಗೆ ಕೊಡುವ ಪ್ರಮಾಣಪತ್ರದ ನಿಯಮ ಯಾರಿಗೆ ಗೊತ್ತಿಲ್ಲ? ಯಂತ್ರವನ್ನು ಹದಿನೈದು ದಿನ ಐದು ಭಂಗಿಯಲ್ಲಿ ಇಟ್ಟು, ಚಳಿಯಲ್ಲಿ ನಡುಗಿಸಿ, ಬಿಸಿಯಲ್ಲಿ ಬೆವರಿಸಿ ನೋಡುತ್ತಾರೆ. ದಿನದ ಸರಾಸರಿ ನಾಲ್ಕು ಸೆಕೆಂಡಿನ ತನಕ ಹಿಂದೆ ಬೀಳಬಹುದು, ಆರರ ತನಕ ಮುಂದೆ ಓಡಬಹುದು. ಈ ಕಾರ್ಖಾನೆಯ ವಾರಂಟಿಗೂ ಅದೇ ಗೆರೆ. ಗೆರೆ ದಾಟಿದ್ದನ್ನು ಅವರು ಪುಕ್ಕಟೆ ಸರಿಮಾಡಿಕೊಡಬೇಕು. ವಾಚು, ಫಾರಮ್ಮು ಎರಡನ್ನೂ ಸೊಸೆಯ ಕೈಲಿ ಕಳಿಸುತ್ತೇನೆ. ನಾನೇ ಹೋಗುತ್ತಿದ್ದೆ, ಆದರೆ ಕಿಟಕಿ ನೋಡಿಕೊಳ್ಳುವವರು ಯಾರು?

ಫೆಬ್ರವರಿ 4, ಮಂಗಳವಾರ

ವಾಪಸು ಬಂತು. ಜೊತೆಗೆ ಒಂದು ಸಾಲಿನ ಚೀಟಿ: "ಪೂರ್ತಿ ಕೀ ತುಂಬಿಸಿ ಪರೀಕ್ಷಿಸಲಾಗಿದೆ. +3. ದೋಷವಿಲ್ಲ." ಕೆಳಗೆ ಜಕಾರ್ ಎಂಬವನ ಸಹಿ. ಹದದ ವಿಭಾಗಕ್ಕೂ ವಾರಂಟಿಗೂ ಅವನೇ ದೊಡ್ಡವನಂತೆ. ಸಹಿಯ ಬಾಲ ನೋಡಿದರೆ ಸಾಕು, ಮನುಷ್ಯ ಎಂಥವನೆಂದು ತಿಳಿಯುತ್ತದೆ.

ಫೆಬ್ರವರಿ 6, ಗುರುವಾರ

ನಿನ್ನೆ +11. ಇವತ್ತು +11. ಅವರ ಮೇಜಿನ ಮೇಲೆ ಸಾಧು, ನನ್ನ ಕೈಮೇಲೆ ಪುಂಡ.

ಬೆಳಿಗ್ಗೆಯೇ ಕಾಗದ ಬರೆದೆ. ಇಲ್ಲೂ ಒಂದು ಪ್ರತಿ ಇರಲಿ, ಚೆನ್ನಾಗಿ ಬಂದಿದೆ:

"ಜಕಾರ್ ಅವರಿಗೆ. ಈ ವಾಚಿನ ಸುರುಳಿಯನ್ನು ಹದ ಕೂರಿಸಿದ ಕೈ ಆಲೂಗಡ್ಡೆ ಅಗೆಯಲು ಲಾಯಕ್ಕಾದದ್ದು. ಆಲೂಗಡ್ಡೆಗೂ ಒಂದು ಮರ್ಯಾದೆಯಿದೆ, ಅದನ್ನು ಅಗೆಯುವಾಗಲೂ ಹುಷಾರಾಗಿರಲು ಹೇಳಿ. ನನ್ನ ಕಾಲದಲ್ಲಿ ಇಂಥ ಕೈಯನ್ನು ಮೇಜಿನಿಂದ ಎಬ್ಬಿಸಿ ಹಂದಿಗೆ ಮೇವು ಹಾಕಲು ಕಳಿಸುತ್ತಿದ್ದರು. ನೀವೂ ಕಳಿಸಿ. ಇತಿ, ಎಡ್ಮೆ ಬೆರ್ನೆ."

ಸೊಸೆ ಓದಿ, "ಅತ್ತೆ, ಇದನ್ನ ಕಳಿಸ್ಲೇಬೇಕಾ?" ಅಂದಳು.

"ಯಾಕೆ, ತಪ್ಪಿದ್ಯಾ?"

"ತಪ್ಪೇನಿಲ್ಲ. ಹಂದಿ ಮಾತ್ರ ಜಾಸ್ತಿ ಆಯ್ತು."

"ಹಂದೀನೇ ಚೆನ್ನಾಗಿರೋದು."

ಸಂಜೆ ಆರರ ಲೆಕ್ಕ ಮುಗಿಯುತ್ತಲೇ ವಾಚು, ಕಾಗದ ಒಯ್ದು ಕಾರ್ಖಾನೆಯ ಬಾಗಿಲ ಪೆಟ್ಟಿಗೆಗೆ ಹಾಕಿ ಬಂದಳು.

ಫೆಬ್ರವರಿ 9, ಭಾನುವಾರ

ಬರೆಯುವುದೋ ಬೇಡವೋ ಎಂದು ಮಧ್ಯಾಹ್ನದಿಂದ ಪೆನ್ನು ಹಿಡಿದು ಕೂತಿದ್ದೇನೆ.

ಕೊರಾಲಿ ಊಟಕ್ಕೆ ಬಂದಿದ್ದಳು. ಕಾರ್ಖಾನೆಯ ಹತ್ತಿರ ಬಾಡಿಗೆ ಕೋಣೆಯಲ್ಲಿರುವವಳು, ಭಾನುವಾರ ಮಾತ್ರ ಬರುತ್ತಾಳೆ. ಒಲೆಯಲ್ಲಿ ಕರಗಿಸಿದ ಚೀಸನ್ನು ಆಲೂಗಡ್ಡೆಯ ಮೇಲೆ ಸುರಿದು ಮುಂದಿಟ್ಟರೆ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು. "ನನಗೆ ಆಲೂಗಡ್ಡೆ ಬೇಡ ಅಮ್ಮ. ಈ ಜನ್ಮದಲ್ಲಿ ಬೇಡ."

ಕಣ್ಣು ಕೆಂಪಗಿತ್ತು. ನಿಧಾನಕ್ಕೆ ಹೇಳಿದಳು. ಯಾರದೋ ವಾಚು ಎರಡನೇ ಸಲ ವಾಪಸು ಬಂದಿದೆಯಂತೆ. ನಂಬರು ನೋಡಿ ರಿಜಿಸ್ಟರು ತೆಗೆದರೆ ಹದ ಕೂರಿಸಿದವಳು ಇವಳು. ಜೊತೆಗೊಂದು ಕಾಗದ. ಜಕಾರ್ ಅದನ್ನು ಎಲ್ಲ ಹುಡುಗಿಯರ ಮುಂದೆ ಗಟ್ಟಿಯಾಗಿ ಓದಿದನಂತೆ, ಹೆಸರು ಬಿಟ್ಟು.

"ಇಪ್ಪತ್ತೆಂಟರ ಒಳಗೆ ಈ ದೂರು ನನ್ನ ಹೆಸರಿಂದ ಹೋಗ್ದಿದ್ರೆ ಖಾಯಂ ಮಾಡಲ್ಲ ಅಂದ್ರು. ಆಲೂಗಡ್ಡೆ ಅಗಿಯೋ ಕೈಯಂತೆ. ಹಂದಿಗೆ ಮೇವು ಹಾಕ್ಬೇಕಂತೆ. ಯಾವ ಮಾಟಗಾತಿ ಬರೆದ್ಳೋ ಏನೋ. ಅಜ್ಜಿ, ನೀನು ಹೇಳಿಕೊಟ್ಟ ಹಾಗೇ ಮಾಡಿದ್ದೆ."

ನಾನು ಕೆಮ್ಮಿದೆ. "ಯಾರೋ ಕೆಲಸ ಇಲ್ಲದೋಳು ಇರ್ಬೇಕು," ಅಂದೆ.

ಸೊಸೆ ನನ್ನನ್ನೇ ನೋಡಿದಳು. ಹೇಳಿಬಿಡುತ್ತಾಳೆ ಎಂದುಕೊಂಡೆ. ನನ್ನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದಳು, ಎಲ್ಲಕ್ಕಿಂತ ದೊಡ್ಡದು.

ಫೆಬ್ರವರಿ 11, ಮಂಗಳವಾರ

ಜಕಾರ್‌ಗೆ ಫೋನು ಮಾಡಿದೆ. ದೂರು ವಾಪಸು ತಗೋತೀನಿ ಅಂದರೆ ಆಗುವುದಿಲ್ಲವಂತೆ, ರಿಜಿಸ್ಟರಿಗೆ ಹತ್ತಿಬಿಟ್ಟಿದೆಯಂತೆ. ಅವರ ಕಡೆಯ ಒಬ್ಬ ಮೂರು ದಿನ ಕಟ್ಟಿಕೊಂಡು ನೋಡಿದ, ದಿನಕ್ಕೆ +3. ಇನ್ನು ಉಳಿದಿರುವುದು ಒಂದೇ ದಾರಿ. ಹದಿನೆಂಟರಿಂದ ಇಪ್ಪತ್ತೇಳರ ತನಕ ನಾನು ಮತ್ತೆ ಹತ್ತು ದಿನ ಕಟ್ಟಬೇಕು. ಕೈಯಿಂದ ಕೀ ಕೊಡುವ ಹಾಗಿಲ್ಲ. ಸರಾಸರಿ ಆರು ದಾಟದಿದ್ದರೆ ದೂರು ಬಿದ್ದುಹೋಗುತ್ತದೆ. ದಾಟಿದರೆ ಹದ ಕೂರಿಸಿದವಳ ತಲೆಗೆ.

ಆಮೇಲೆ ಅವನು ದನಿ ತಗ್ಗಿಸಿದ. "ಮದಾಮ್ ಬೆರ್ನೆ, ಒಂದು ಮಾತು ಕೇಳ್ಲಾ? ಬೆಳಿಗ್ಗೆ ಎದ್ದು ಏನು ಮಾಡ್ತೀರಿ?"

"ಕಾಫಿ ಕುಡೀತೀನಿ."

"ಮಾಡೋದು ಯಾರು?"

"ಸೊಸೆ."

"ಆಮೇಲೆ?"

"ಕಿಟಕಿ ಹತ್ರ ಕೂತ್ಕೋತೀನಿ. ಬೀದಿ ನೋಡ್ಕೋಬೇಕಲ್ಲ."

"ಊಟ ಆದ್ಮೇಲೆ?"

"ಆ ಕಡೆ ಕಿಟಕಿ. ಬಿಸಿಲು ಅಲ್ಲಿಗೆ ಬರತ್ತೆ."

"ಕೈ ಆಡಿಸೋ ಅಂಥ ಕೆಲಸ ಏನಾದ್ರೂ?"

"ಬೈಯೋವಾಗ ಆಡಿಸ್ತೀನಿ."

"ಯಾವ ಕೈ?"

"ಬಲಗೈ."

"ವಾಚು?"

"ಎಡಗೈಲಿ."

"ತಪ್ಪು ತಿಳ್ಕೋಬೇಡಿ ಮದಾಮ್. ಈ ವಾಚು ಕೈ ಓಡಾಡಿದಷ್ಟೇ ಕೀ ತುಂಬ್ಕೊಳ್ಳೋದು."

ತಪ್ಪು ತಿಳಿದುಕೊಂಡು ಫೋನು ಇಟ್ಟೆ. ಕೂರುವವಳಂತೆ ನಾನು. ಎಡ್ಮೆ ಗಿನ್ಯಾರ್ ಕೂತದ್ದನ್ನು ಈ ಊರಲ್ಲಿ ಯಾರು ನೋಡಿದ್ದಾರೆ? ಕಿಟಕಿಯಲ್ಲಿ ಕೂರುವುದು ಕೂರುವುದಲ್ಲ, ಅದು ಕೆಲಸ.

ಫೆಬ್ರವರಿ 14, ಶುಕ್ರವಾರ

ವಾಚು ಬಂತು. ಪರೀಕ್ಷೆ ಶುರುವಾಗಲು ಇನ್ನೂ ನಾಲ್ಕು ದಿನವಿದೆ. ಜಕಾರ್ ಸುಳ್ಳ ಎಂದು ತೋರಿಸಲು ಅದನ್ನು ಸೊಸೆಯ ಕೈಗೆ ಕಟ್ಟಿದೆ.

"ನನಗ್ಯಾಕೆ ಅತ್ತೆ?"

"ಸುಮ್ನೆ ಕಟ್ಕೋ. ಪಾತ್ರೆ ತೊಳೆಯೋವಾಗ ಬಿಚ್ಬೇಡ, ನೀರು ಹೋಗಲ್ಲ."

ಫೆಬ್ರವರಿ 16, ಭಾನುವಾರ

ಎರಡು ದಿನ ಕುರ್ಚಿಯಿಂದ ಅವಳನ್ನೇ ನೋಡಿದೆ. ಪರೀಕ್ಷೆಯಲ್ಲವೇ, ವಾಚಿನ ಮೇಲೆ ಕಣ್ಣಿರಬೇಕು. ಬೆಳಗಾಗುತ್ತಲೇ ಅಂಗಳದ ಮಂಜು ಗೋರಿದಳು. ಸೌದೆ ಹೊತ್ತಳು. ಹಿಟ್ಟು ನಾದಿದಳು. ನನ್ನ ಹಾಸಿಗೆ ಕೊಡವಿದಳು, ನನ್ನ ಕಾಲುಚೀಲ ಒಗೆದಳು, ನನ್ನ ಬೆನ್ನು ಉಜ್ಜಿದಳು. ಕಾಫಿಗೆ ಕೂತವಳು ನಾನು ಸಕ್ಕರೆ ಅಂದದ್ದಕ್ಕೆ ಎದ್ದಳು, ಚಮಚ ಅಂದದ್ದಕ್ಕೆ ಮತ್ತೆ ಎದ್ದಳು. ಕಾಫಿ ಆರಿಹೋಯಿತು. ಮತ್ತೆ ಬಿಸಿಮಾಡಲಿಲ್ಲ, ಹಾಗೇ ಕುಡಿದಳು.

ನಿನ್ನೆ +3. ಇವತ್ತು +3.

ಹೊಟ್ಟೆ ತುಂಬದ ವಾಚು ಮುಂದಕ್ಕೆ ಓಡುವುದುಂಟು. ಕೀ ಅರ್ಧಕ್ಕಿಳಿದರೆ ಒಳಗಿನ ಚಕ್ರದ ತೂಗಾಟ ಚಿಕ್ಕದಾಗುತ್ತದೆ, ಹೆಜ್ಜೆ ಚಿಕ್ಕದಾದರೆ ಕೆಲವು ಯಂತ್ರಗಳು ಅವಸರಪಡುತ್ತವೆ. ಹದಿನಾಲ್ಕನೇ ವಯಸ್ಸಿನಲ್ಲಿ ಅವ್ವ ಬೆರಳ ಗಂಟಿನ ಮೇಲೆ ಹೊಡೆದು ಕಲಿಸಿದ ಮೊದಲ ಪಾಠ ಇದು. ವಾಚನ್ನು ಎಲ್ಲ ಭಂಗಿಯಲ್ಲಿ ಇಟ್ಟು ನೋಡಿದೆ. ಕಟ್ಟಿಕೊಂಡವಳ ಭಂಗಿ ಒಂದೇ ಇತ್ತು, ಅದನ್ನು ನೋಡಲಿಲ್ಲ.

"ಎಷ್ಟು ಬಂತು ಅತ್ತೆ?"

"ಮೂರು."

ಜೋಸಿಯಾನ್ ವಾಚು ಬಿಚ್ಚಿ ನನ್ನ ಮುಂದಿಟ್ಟು ಪಾತ್ರೆ ತೊಳೆಯಲು ಹೋದಳು. ಏನಾದರೂ ಅಂದಿದ್ದರೆ ಉತ್ತರ ಕೊಡಬಹುದಿತ್ತು.

ಫೆಬ್ರವರಿ 17, ಸೋಮವಾರ

ಜೋಸಿಯಾನ್ ಹೇಳಿದಳು, "ಹತ್ತು ದಿನ ನಾನೇ ಕಟ್ಕೋತೀನಿ ಅತ್ತೆ. ನೀವು ಬರ್ಕೊಳ್ಳಿ. ಯಾರಿಗೆ ಗೊತ್ತಾಗತ್ತೆ?"

ಹುಡುಗಿಯ ಅನ್ನದ ಪ್ರಶ್ನೆ. ಸುಳ್ಳು ಬರೆದರೆ ಏನಂತೆ? ಆದರೆ ನಲವತ್ತೊಂದು ವರ್ಷ ವಾಚುಗಳ ಓಟ ಬರೆದಿಡುವ ಪುಸ್ತಕದಲ್ಲಿ ನೋಡದ ಅಂಕಿ ಬರೆದವಳಲ್ಲ. ಗಂಡನಿಗೆ ಸುಳ್ಳು ಹೇಳಿದ್ದೇನೆ, ಪಾದ್ರಿಗೆ ಹೇಳಿದ್ದೇನೆ, ಆ ಪುಸ್ತಕಕ್ಕೆ ಹೇಳಿಲ್ಲ.

"ಕೋಲು ಕೊಡು," ಅಂದೆ.

"ಏಪ್ರನ್ನು ಒಣಗ್ತಿದೆ."

"ಏಪ್ರನ್ನು ನಿನ್ನ ಕುತ್ತಿಗೆಗೆ ಹಾಕ್ಕೋ. ಕೋಲು ನಂದು."

ಫೆಬ್ರವರಿ 18, ಮಂಗಳವಾರ

ಗೇಟಿನ ತನಕ ಹೋಗಿ ಬಂದೆ. ಎರಡು ಸಲ. ಸತ್ತೆ. +10.

ಫೆಬ್ರವರಿ 20, ಗುರುವಾರ

ನಿನ್ನೆ +9, ಇವತ್ತು +8. ಹಾಲಿನ ಡೈರಿಯ ತನಕ ಹೋದೆ. ಜೋಸಿಯಾನ್ ಪಕ್ಕದಲ್ಲಿ ನಡೆದಳು. ನಾನು ಬಿದ್ದರೆ ಎತ್ತಲು ಅಂದಳು, ನಾನು ಹೆಂಗೆ ಬೀಳ್ತೀನಿ ನೋಡೋಕೆ ಅಂದೆ. ಉಪ್ಪು ಎರಚುವವನು ಸಿಕ್ಕಿದ. ಹತ್ತಿರದಿಂದ ನೋಡಿದರೆ ಅವನು ಅಷ್ಟು ತಪ್ಪಾಗಿ ಎರಚುವುದಿಲ್ಲ. ಕಿಟಕಿಯ ಗಾಜು ಸೊಟ್ಟಗಿರಬೇಕು.

ಕೋಲನ್ನು ಎಡಗೈಗೆ ಬದಲಾಯಿಸಿದೆ, ಆ ಕೈಯೇ ಆಡಬೇಕಲ್ಲ. ಬೈಯುವುದನ್ನೂ ಎಡಗೈಯಲ್ಲೇ ಅಭ್ಯಾಸ ಮಾಡುತ್ತಿದ್ದೇನೆ. ಮೊದಮೊದಲು ಮಾತಿನ ಬಿಸಿ ಸ್ವಲ್ಪ ಕಮ್ಮಿಯಾಗುತ್ತದೆ.

ಫೆಬ್ರವರಿ 23, ಭಾನುವಾರ

ಮೊನ್ನೆ +7, ನಿನ್ನೆ +6, ಇವತ್ತು +5. ಚರ್ಚಿಗೆ ನಡೆದೇ ಹೋದೆವು. ನಾನು ಸತ್ತೇ ಹೋಗಿದ್ದೇನೆ ಎಂದು ಅರ್ಧ ಊರು ತಿಳಿದಿತ್ತಂತೆ. ಬೇಕರಿಯವನ ಎರಡನೇ ಹೆಂಡತಿಗೆ ಅವಳಿ ಮಕ್ಕಳಾಗಿವೆ. ಡಿಸೆಂಬರಿನಲ್ಲೇ ಹುಟ್ಟಿದವಂತೆ, ಯಾರೂ ನನಗೆ ಹೇಳಿಲ್ಲ. ಕಿಟಕಿಯಿಂದ ಅದು ಕಾಣುವುದಿಲ್ಲ. ವಾಪಸು ಬರುವಾಗ ಸರೋವರದ ಮಂಜುಗಡ್ಡೆಯ ಮೇಲೆ ಜನ ಜಾರುತ್ತಿದ್ದರು. ಬೆಂಚಿನಲ್ಲಿ ಕೂತು ನಾನೂ ಜೋಸಿಯಾನೂ ಬಿದ್ದವರನ್ನೆಲ್ಲ ಎಣಿಸಿದೆವು. ಹದಿನಾಲ್ಕು. ಅವಳು ಇಷ್ಟು ಚೆನ್ನಾಗಿ ನಗುತ್ತಾಳೆಂದು ಗೊತ್ತಿರಲಿಲ್ಲ. ಮನೆಯಲ್ಲಿ ನಗುವಂಥದ್ದು ಏನೂ ಇರಲಿಲ್ಲವೇನೋ.

ಕೊರಾಲಿ ಈ ವಾರ ಬರಲಿಲ್ಲ. ಮನಸ್ಸಿಲ್ಲವಂತೆ.

ಫೆಬ್ರವರಿ 26, ಬುಧವಾರ

ಸೋಮವಾರ +4, ಮಂಗಳವಾರ +3, ಇವತ್ತು +4. ಒಂಬತ್ತು ದಿನದ್ದು ಕೂಡಿದರೆ ಐವತ್ತಾರು. ಸರಾಸರಿ ಆರು ದಾಟಬಾರದೆಂದರೆ ಹತ್ತು ದಿನಕ್ಕೆ ಅರವತ್ತು. ನಾಳೆಗೆ ಉಳಿದಿರುವುದು ನಾಲ್ಕು. ಮೊದಲ ಮೂರು ದಿನ ಸತ್ತವಳ ಹಾಗೆ ನಡೆಯದೆ ಇದ್ದಿದ್ದರೆ ಈ ಪಾಡಿರಲಿಲ್ಲ.

ರೇಡಿಯೋದಲ್ಲಿ ನಾಳೆ ಹಿಮಗಾಳಿ ಅಂದರು.

ಫೆಬ್ರವರಿ 27, ಗುರುವಾರ

ಬಾಗಿಲು ತೆರೆದರೆ ಬಿಳಿ ಗೋಡೆ. ಮಂಜು ಗೋರುವ ಗಾಡಿ ಓಡಿಸುವ ಮಾರ್ಸೆಲ್ ಕೂಡ ಮನೆಯಲ್ಲೇ ಉಳಿದ.

ಅಡುಗೆಮನೆಯ ಮೇಜಿನ ಸುತ್ತ ನಡೆದೆ. ಇನ್ನೂರು ಸುತ್ತಿಗೆ ತಲೆ ತಿರುಗಿತು, ದಿಕ್ಕು ಬದಲಿಸಿದೆ. ಹಿಟ್ಟು ನಾದಿದೆ. ಕೆನೆ ಕಡೆದೆ. ಕಿಟಕಿಗಳನ್ನು ಒರೆಸಿದೆ. ಮಾರ್ಸೆಲ್ ಹೆಂಡತಿಯನ್ನು ಕೇಳಿದ, "ಅಮ್ಮಂಗೆ ಏನಾಗಿದೆ?"

"ಕೀ ತುಂಬ್ತಿದೆ," ಅಂದಳು ಜೋಸಿಯಾನ್. ಅವಳಿಗೆ ಮಾತ್ರ ನಾನು ಕುರ್ಚಿ ತೋರಿಸಿದೆ. "ನೀನು ಕೂತ್ಕೋ. ನನ್ನ ಕೆಲಸ ಕಿತ್ಕೋಬೇಡ."

ಕೂತಳು. ಐದು ನಿಮಿಷಕ್ಕೆ "ಅತ್ತೆ, ಸಕ್ಕರೆ," ಅಂದಳು. ಕೊಟ್ಟೆ. "ಚಮಚ," ಅಂದಳು. ಮುಖ ನೋಡಿದರೆ ನಗು ಬಿಗಿ ಹಿಡಿದಿದ್ದಳು. ಚಮಚವನ್ನು ಎಡಗೈಯಲ್ಲಿ ಕೊಟ್ಟೆ.

ಆರು ಗಂಟೆಗೆ 161ರವಳು ಹೊತ್ತು ಹೇಳುವಾಗ ಮೂವರೂ ಫೋನಿಗೆ ಕಿವಿ ಹಚ್ಚಿದ್ದೆವು. +3.

ಐವತ್ತೊಂಬತ್ತು. ಸರಾಸರಿ ಐದು ಪಾಯಿಂಟ್ ಒಂಬತ್ತು.

ಫೆಬ್ರವರಿ 28, ಶುಕ್ರವಾರ

ಕಾರ್ಖಾನೆಗೆ ಎರಡು ಕಿಲೋಮೀಟರು. ಮಾರ್ಸೆಲ್ ಗಾಡಿಯಲ್ಲಿ ಬಿಡುತ್ತೇನೆ ಅಂದ. ಅವನು ಗೋರಿದ ದಾರಿಯಲ್ಲಿ ಜೋಸಿಯಾನ್ ಜೊತೆ ನಡೆದೇ ಹೋದೆ.

ಜಕಾರ್ ನಾನು ಎಣಿಸಿದ್ದಕ್ಕಿಂತ ಚಿಕ್ಕವನು, ಟೈ ಸೊಟ್ಟಗಿತ್ತು. ಫಾರಮ್ಮನ್ನು ಎರಡು ಸಲ ಕೂಡಿ ನೋಡಿದ. "ಐದು ಪಾಯಿಂಟ್ ಒಂಬತ್ತು. ಗೆರೆಯೊಳಗಿದೆ. ದೂರು ಮುಗೀತು ಮದಾಮ್ ಬೆರ್ನೆ. ಕಾರಣ ಅನ್ನೋ ಕಡೆ 'ತಿಳಿದಿಲ್ಲ' ಅಂತ ಬರೀತೀನಿ, ನಿಮಗೂ ಮುಜುಗರ ಇಲ್ಲ."

"ತಿಳಿದಿಲ್ಲ ಅಂತ ಬರೆದ್ರೆ ಹದ ಕೂರಿಸಿದೋಳ ಪುಟದಲ್ಲಿ ಏನುಳಿಯತ್ತೆ?"

"ಒಂದು ಪ್ರಶ್ನೆ ಚಿಹ್ನೆ."

"ಪೆನ್ನು ಕೊಡಪ್ಪ," ಅಂದೆ.

ಬರೆದೆ. ಬರೆದು, ಹಿಂದಿನ ಕಾಗದ ಎಲ್ಲಿ ಓದಿದೆಯೋ ಅಲ್ಲಿಗೆ ಕರಕೊಂಡು ಹೋಗು ಅಂದೆ. ಅವನು ಬೇಡವೆಂದ. ನಾನು ಎಡಗೈ ಎತ್ತಿದೆ. ಕರಕೊಂಡು ಹೋದ.

ಉದ್ದನೆಯ ಕೋಣೆ, ಕಿಟಕಿಗೊಂದು ಮೇಜು, ಮೇಜಿಗೊಂದು ಹುಡುಗಿ. ಮೂರನೇ ಕಿಟಕಿಯಲ್ಲಿ ಕೊರಾಲಿ. ಕಣ್ಣಿಗಿಟ್ಟ ಭೂತಗನ್ನಡಿಯನ್ನು ತೆಗೆದು ನನ್ನನ್ನು ನೋಡಿದಳು, ಬಾಗಿಲಲ್ಲಿದ್ದ ಅಮ್ಮನನ್ನು ನೋಡಿದಳು. ನಾನು ಓದಿದೆ:

"ಈ ವಾಚಿನ ದೋಷ ಕಟ್ಟಿಕೊಂಡವಳದ್ದು. ನವೆಂಬರಿನಿಂದ ಕುರ್ಚಿ ಬಿಟ್ಟು ಏಳದೆ ವಾಚನ್ನು ಅರೆಹೊಟ್ಟೆಯಲ್ಲಿ ಓಡಿಸಿ, ಹದ ಕೂರಿಸಿದ ಕೈಯನ್ನು ಬೈದಳು. ಎದ್ದು ಓಡಾಡಿದಾಗ ವಾಚು ಸರಿಹೋಯಿತು. ಆ ಕೈಯಲ್ಲಿ ತಪ್ಪಿಲ್ಲ. ನನ್ನ ಕೈಯೂ ಅದಕ್ಕಿಂತ ಚೆನ್ನಾಗಿ ಕೂರಿಸುತ್ತಿರಲಿಲ್ಲ. ಸಹಿ, ಎಡ್ಮೆ ಗಿನ್ಯಾರ್, ತೌರಿನ ಹೆಸರು ಬೆರ್ನೆ."

ಕೊನೆಯ ಒಂದು ಸಾಲು ಫಾರಮ್ಮಿನಲ್ಲಿ ಹಿಡಿದಿರಲಿಲ್ಲ, ಬಾಯಲ್ಲೇ ಸೇರಿಸಿದೆ: "ಹಂದಿ ಮಾತು ವಾಪಸು ತಗೊಂಡಿದೀನಿ."

ಕೊರಾಲಿ ಎದ್ದು ನಿಂತಳು.

"ಅಜ್ಜಿ, ಆಲೂಗಡ್ಡೆ ಬರೆದಿದ್ದು ನೀನಾ?"

"ಹೂಂ."

"ಮೂರು ವಾರ ನಾನು ನಿದ್ದೆ ಮಾಡಿಲ್ಲ."

"ಹೂಂ."

"ಬೇರೆ ಏನೂ ಹೇಳಲ್ವಾ?"

ಎರಡು ಕಿಲೋಮೀಟರು ನಡೆದಿದ್ದೆ, ಅವಳ ಸ್ಟೂಲಿನ ಮೇಲೆ ಕೂತೆ. ಜಕಾರ್ ಕೆಮ್ಮಿ, ರಿಜಿಸ್ಟರು ತೆರೆದು, ಮದ್ಮೊಸೆಲ್ ಕೊರಾಲಿ ಗಿನ್ಯಾರ್ ಅವರು ಇವತ್ತಿನಿಂದ ಖಾಯಂ ಎಂದು ಎಲ್ಲರೆದುರು ಓದಿದ. ಆಮೇಲೆ, ವಾರಂಟಿಯಲ್ಲಿ ಒಂದು ಪುಕ್ಕಟೆ ಹೊಂದಾಣಿಕೆ ಹೇಗೂ ಗಿರಾಕಿಗೆ ಉಂಟು, ಹದ ಕೂರಿಸಿದವರೇ ಮಾಡಿಕೊಡಲಿ ಎಂದು ವಾಚನ್ನು ಕೊರಾಲಿಯ ಕೈಗೆ ಕೊಟ್ಟು ಬಾಗಿಲ ಕಡೆ ಹೊರಟ.

ಅವಳು ಹಿಂದಿನ ಮುಚ್ಚಳ ತೆಗೆದಳು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿದಳು. ಚಿಮಟ ಹಿಡಿದ ಆ ಬೆರಳುಗಳು ಒಂದು ಕೂದಲಿನಷ್ಟೂ ನಡುಗುತ್ತಿರಲಿಲ್ಲ, ಇಷ್ಟು ಸಿಟ್ಟಿನಲ್ಲೂ. ಕಲಿಸಿದವರು ಯಾರು ಎಂದು ಪಕ್ಕದ ಹುಡುಗಿಗೆ ಹೇಳೋಣ ಅನ್ನಿಸಿತು. ಸಮಯವಲ್ಲ.

"ನಿಧಾನ ಮಾಡ್ಬಹುದು," ಅಂದಳು ತಲೆಯೆತ್ತದೆ. "ಎಂಟು ಸೆಕೆಂಡು ಕಮ್ಮಿ ಮಾಡಿದ್ರೆ ದಿನಾ ಕುರ್ಚಿಲಿ ಕೂತೋರಿಗೆ ಸರಿಯಾಗಿ ತೋರ್ಸತ್ತೆ. ಆದ್ರೆ ಆಮೇಲೆ ನಡೆದ್ರೆ ಹಿಂದೆ ಬೀಳತ್ತೆ. ಯಾವ ಲೆಕ್ಕಕ್ಕೆ ಇಡ್ಲಿ? ಕೂರೋರಿಗಾ, ನಡೆಯೋರಿಗಾ?"

ಬಾಗಿಲಲ್ಲಿ ಜೋಸಿಯಾನ್ ನನ್ನ ಕೋಲು ಹಿಡಿದು ನಿಂತಿದ್ದಳು.

"ಮುಟ್ಬೇಡ," ಅಂದೆ. "ಇದ್ದ ಹಾಗೇ ಇರ್ಲಿ."

ಕೊರಾಲಿ ಮುಚ್ಚಳ ಹಾಕಿ, ಪಟ್ಟಿ ಒರೆಸಿ, ವಾಚನ್ನು ನನ್ನ ಎಡಗೈಗೆ ತಾನೇ ಕಟ್ಟಿದಳು. ಬೇಕಾದ್ದಕ್ಕಿಂತ ಒಂದು ತೂತು ಬಿಗಿಯಾಗಿಯೇ ಕಟ್ಟಿದಳು.

"ಹಾಗಾದ್ರೆ ನನ್ನ ಸ್ಟೂಲಿನ ಮೇಲೆ ಯಾಕೆ ಕೂತಿದೀಯಾ?" ಅಂದಳು. "ಏಳು."